ಕನ್ನಡಕದವಳಿಗೊಂದು ಐಪೀಸು

ನವೆಂಬರ್ 3, ಭಾನುವಾರ

ಇವಳು ತೌರಿಗೆ ಹೊರಡುವಾಗ ಹೇಳಿದ್ದು ‘ಹೆಚ್ಚಂದ್ರೆ ಮೂರು ವಾರ’ ಎಂದು. ಅತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದು, ನೋಡಿಕೊಳ್ಳಲು ಯಾರನ್ನಾದರೂ ಗೊತ್ತುಮಾಡಿ ಬಂದುಬಿಡುತ್ತೇನೆ ಎಂದಿದ್ದಳು. ಆಗಿನ್ನೂ ಮಳೆಗಾಲ ಮುಗಿದಿರಲಿಲ್ಲ. ಈಗ ಬೆಳಿಗ್ಗೆ ತಣ್ಣೀರು ಮುಟ್ಟಲು ಕೈ ಹಿಂಜರಿಯುತ್ತದೆ. ಗೊತ್ತುಮಾಡಿದ ಮೊದಲನೆಯವಳು ವಾರ ತುಂಬುವ ಮೊದಲೇ ಬಿಟ್ಟುಹೋದಳಂತೆ. ಎರಡನೆಯವಳು ಅತ್ತೆಯ ಕೈಗೇ ಚಮಚ ಕೊಟ್ಟು ತಾನು ಟಿವಿ ಮುಂದೆ ಕೂರುತ್ತಿದ್ದಳಂತೆ.

ಮಾತಾಡಲು ಎದುರಿಗೆ ಯಾರೂ ಇಲ್ಲದ್ದಕ್ಕೆ ಈ ಪುಸ್ತಕ ತೆರೆದಿದ್ದೇನೆ. ಆದರೆ ಬರೆಯಲು ಏನಿದೆ? ಲಿಫ್ಟು ಕೆಟ್ಟಿತು, ಲಿಫ್ಟು ಸರಿಮಾಡಿದೆ. ಆಮೇಲೆ ನಾಲ್ಕು ಮಹಡಿ ಹತ್ತಿ ಮನೆಗೆ ಬಂದೆ, ಏಕೆಂದರೆ ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವವನ ಕಟ್ಟಡಕ್ಕೆ ಲಿಫ್ಟಿಲ್ಲ. ಇದು ದಿನಾ ಬರೆಯುವ ಸಂಗತಿಯಲ್ಲ.

ಟೆಲಿಸ್ಕೋಪಿನ ಬಗ್ಗೆ ಬರೆಯಬಹುದು. ಅವಳು ಹೊರಡುವ ಸ್ವಲ್ಪ ಮುಂಚೆ ಕೊಂಡದ್ದು. ತುಂಬಿದ ನೀರಿನ ಕೊಡದಷ್ಟು ಭಾರ, ಮೇಜಿನ ಮೇಲೆ ಕೂರುವಂಥದು, ಕೆಳಗೆ ತಿರುಗುವ ಮರದ ಹಲಗೆ. ಹೊರಡುವ ಹಿಂದಿನ ಸಂಜೆ ತಾರಸಿಗೆ ಕರೆದು ಅವಳಿಗೆ ಶನಿಯನ್ನು ತೋರಿಸಿದ್ದೆ. ಬಗ್ಗಿ ನೋಡಿ “ಚೆನ್ನಾಗಿದೆ” ಎಂದಳು. ಬಟ್ಟೆ ಜೋಡಿಸುವ ಅವಸರದಲ್ಲಿದ್ದಳು.

ಡಬ್ಬಿಯ ಜೊತೆ ಎರಡು ಐಪೀಸು ಬಂದಿವೆ. ಒಂದರ ಮೇಲೆ 25 ಎಂದಿದೆ, ಇನ್ನೊಂದರ ಮೇಲೆ 10. ಕಣ್ಣಿಡುವ ಕಡೆ ಸಿಕ್ಕಿಸುವ ಈ ಪುಟ್ಟ ಗಾಜಿನ ನಳಿಗೆಯ ಸಂಖ್ಯೆ ಚಿಕ್ಕದಾದಷ್ಟೂ ಆಕಾಶ ದೊಡ್ಡದಾಗುತ್ತದೆ. ಹತ್ತರದ್ದರಲ್ಲಿ ಶನಿ ಒಂದು ಮೆಣಸಿನ ಕಾಳಿನಷ್ಟು ಕಾಣುತ್ತಾನೆ. ಸಾಲದು. ಅವಳು ಬರುವಷ್ಟರಲ್ಲಿ ಅವನನ್ನು ಬಟ್ಟಲಿನಷ್ಟು ದೊಡ್ಡದು ಮಾಡಿಡಬೇಕು.

ಫೋನಿನಲ್ಲಿ ಯಾವಾಗ ಬರುತ್ತೀಯ ಎಂದು ಕೇಳಿದೆ. “ನೋಡೋಣ ರೀ” ಎಂದಳು.

ನವೆಂಬರ್ 10, ಭಾನುವಾರ

ಹಳೇ ಗಡಿಯಾರದ ಬೀದಿಯ ಕೊನೆಯಲ್ಲಿ ದುರ್ಬೀನು, ಸೂಕ್ಷ್ಮದರ್ಶಕ, ಸರ್ವೆಯವರ ಸಾಮಾನು ಮಾರುವ ಅಂಗಡಿಯಿದೆ. ನಡೆಸುವವರು ಒಬ್ಬ ಹಿರಿಯ ಹೆಂಗಸು. ನೆರೆಗೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ನಾಲ್ಕರ ಐಪೀಸು ಬೇಕು ಎಂದೆ. ಜೊತೆಗೆ ಬಾರ್ಲೋ ಬೇಕು ಎಂದೆ. ಅದು ಯಾವ ಐಪೀಸನ್ನಾದರೂ ಇಮ್ಮಡಿ ಮಾಡುವ ನಳಿಗೆ.

“ಎರಡೂ ಒಟ್ಟಿಗೆ ಹಾಕ್ತೀರಾ?”

“ಹೌದಮ್ಮಾ.”

“ಅಲ್ಲಾ, ಶನಿ ಮೇಲೆ ಯಾರಾದ್ರೂ ನಿಂತಿದ್ರೆ ಅವರ ಅಂಗಿ ಗುಂಡಿ ಎಣಿಸೋ ಆಸೆಯಾ?” ಎಂದು ನಕ್ಕು, ಎರಡನ್ನೂ ಕಾಗದದಲ್ಲಿ ಸುತ್ತಿಕೊಟ್ಟರು. “ಒಯ್ದು ನೋಡಿ. ಬೇಡ ಅನ್ಸಿದ್ರೆ ಗೀರಿಲ್ದೆ ವಾಪಸ್ ತನ್ನಿ.”

ಅವಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳೂ ಅಮ್ಮನ ಊಟದ ಬಗ್ಗೆ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಒಳಗಿಂದ ಕರೆ ಬಂತು, ಫೋನಿಟ್ಟಳು. ಯಾವಾಗ ಬರುತ್ತೀಯ ಎಂದು ಕೇಳುವುದು ತಪ್ಪಿಹೋಯಿತು. ಮತ್ತೆ ಮಾಡಿ ಕೇಳಿದೆ.

ನವೆಂಬರ್ 14

ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟಿನ ಹಗ್ಗ ಬದಲಾಯಿಸುವ ಕೆಲಸ. ಕತ್ತಲಾಗುತ್ತಲೇ ಮುಗಿಯಿತು. ಕಾವಲುಗಾರನಿಗೆ ಹೇಳಿ ಟೆಲಿಸ್ಕೋಪನ್ನು ತಾರಸಿಗೇರಿಸಿದೆ. ಜೊತೆಗಾರ ಗ್ರೀಸ್ ಕೂಡ ಬಂದ. ಅವನ ನಿಜವಾದ ಹೆಸರು ಕಂಪನಿಯ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

“ಅಣ್ಣಾ, ಜನ ಆಕಾಶಕ್ಕೆ ಏಣಿ ಹಾಕ್ತಾರೆ. ನೀನು ಲಿಫ್ಟೇ ಹಾಕ್ಬಿಟ್ಟೆ” ಎಂದ.

ನಾಲ್ಕರದ್ದನ್ನೂ ಬಾರ್ಲೋವನ್ನೂ ಸೇರಿಸಿ ಹಾಕಿದೆ. ನೋಡಬೇಕಾದರೆ ರೆಪ್ಪೆ ಗಾಜಿಗೆ ತಾಗುವಷ್ಟು ಹತ್ತಿರ ಹೋಗಬೇಕು. ಶನಿ ದೊಡ್ಡವನಾಗಿದ್ದ, ನಿಜ. ಆದರೆ ಕುದಿಯುವ ನೀರಿನ ತಳದಲ್ಲಿ ಬಿದ್ದ ನಾಣ್ಯದ ಹಾಗೆ ಅಲುಗುತ್ತಿದ್ದ. ಉಂಗುರ ಯಾವುದು, ಮೈ ಯಾವುದು ಗೊತ್ತಾಗಲಿಲ್ಲ. ಸಾಲದ್ದಕ್ಕೆ, ಕೆಳಗೆ ಯಾರೋ ಗುಂಡಿ ಒತ್ತಿ ಲಿಫ್ಟು ಹೊರಟರೆ ತಾರಸಿಯೆಲ್ಲ ಸಣ್ಣಗೆ ನಡುಗಿ ಶನಿ ಎರಡಾಗುತ್ತಿದ್ದ. ಯಾರೋ ತರಕಾರಿ ಚೀಲ ಹಿಡಿದು ಮನೆಗೆ ಹೋಗುತ್ತಾರೆ, ಇಲ್ಲಿ ಒಂದು ಗ್ರಹ ತತ್ತರಿಸುತ್ತದೆ.

ಮನೆಗೆ ಹೋಗುವವರನ್ನು ಕಂಡರೆ ಈಚೆಗೆ ಹೊಟ್ಟೆಕಿಚ್ಚು.

ನವೆಂಬರ್ 17

ಮೋಡ. ಹೊಲಿಗೆ ಮಿಷನ್ನಿನ ಮೇಲೆ ಧೂಳು ಕೂತಿತ್ತು, ಒರೆಸಿದೆ. ಅದರ ಪುಟ್ಟ ದಿಂಬಿನಲ್ಲಿ ಅವಳು ಚುಚ್ಚಿಟ್ಟ ಸೂಜಿಯಲ್ಲಿ ಇನ್ನೂ ನೀಲಿ ದಾರವಿದೆ. ಯಾರ ಅಂಗಿಯದೋ.

ನವೆಂಬರ್ 24, ಭಾನುವಾರ

ಐಪೀಸು ವಾಪಸು ಕೊಡಲು ಹೋಗಿದ್ದೆ. ಅಂಗಡಿಯಮ್ಮನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು.

“ನೀವು ಶನೀನ ದೊಡ್ಡದು ಮಾಡ್ಲಿಲ್ಲ. ನಡುವೆ ಇರೋ ಗಾಳೀನ ದೊಡ್ಡದು ಮಾಡಿದ್ರಿ” ಎಂದರು. “ಹೋಗ್ಲಿ, ಇದರಲ್ಲಿ ಯಾರ್‍ಯಾರು ನೋಡೋದು?”

“ನಾನೊಬ್ನೇ” ಎಂದೆ. ಆಮೇಲೆ, “ನನ್ನ ಹೆಂಡ್ತಿ ಕೂಡ. ಈಗ ಊರಲ್ಲಿಲ್ಲ” ಎಂದೆ.

“ಅವ್ರಿಗೆ ಕನ್ನಡಕ ಇದೆಯಾ?”

ಇದೆ. ಚಿಕ್ಕಂದಿನಿಂದಲೂ ಇದೆ, ದಪ್ಪದ್ದು. ಬಟ್ಟೆ ಹೊಲಿಯುವವಳು, ಅದಿಲ್ಲದೆ ಸೂಜಿಯಿರಲಿ, ಸೂಜಿ ಹಿಡಿದ ಕೈಯೂ ಕಾಣುವುದಿಲ್ಲ. ದೂರದ ಪವರ್ ಅಷ್ಟೇ ಅಲ್ಲ, ಗೆರೆಗಳು ಒಂದೇ ಕಡೆ ಮಸುಕಾಗುವ ದೋಷಕ್ಕೆ ಹಾಕುವ ಸಿಲಿಂಡರ್ ಪವರ್ ಕೂಡ ಇದೆ ಎಂದೆ.

ಅವರು ಮೇಜಿನ ಖಾನೆಯಿಂದ ಒಂದು ಪ್ಲೇನ್ ಗಾಜಿನ ಕನ್ನಡಕ ತೆಗೆದು ನನ್ನ ಮೂಗಿನ ಮೇಲಿಟ್ಟರು. ಅಂಗಡಿಯ ಟೆಲಿಸ್ಕೋಪಿಗೆ ನನ್ನದೇ ತರಹದ ಹತ್ತರ ಐಪೀಸು ಹಾಕಿ, ಬೀದಿಯಾಚೆಯ ನೀರಿನ ಟ್ಯಾಂಕಿಗೆ ತಿರುಗಿಸಿ, “ನೋಡಿ” ಎಂದರು. ಬಗ್ಗಿದೆ. ಕನ್ನಡಕ ಐಪೀಸಿಗೆ ಟಕ್ಕೆಂದು ತಾಗಿತು. ಬೀಗದ ಕಿಂಡಿಯಲ್ಲಿ ಇಣುಕಿದ ಹಾಗೆ ಒಂದು ಬಿಳಿ ಚುಕ್ಕೆ ಕಂಡಿತು, ಸುತ್ತ ಕತ್ತಲೆ. ಕಣ್ಣು ಸ್ವಲ್ಪ ಸರಿದರೆ ಅದೂ ಇಲ್ಲ.

“ಬರೀ ಮೈನಸ್ ಇದ್ದಿದ್ರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿದ್ರೆ ಆಗೋದು. ಸಿಲಿಂಡರ್ ಇರೋರು ಕನ್ನಡಕ ಹಾಕ್ಕೊಂಡೇ ನೋಡ್ಬೇಕು. ಅವ್ರಿಗೆ ಕಣ್ಣನ್ನ ದೂರ ಇಟ್ರೂ ಪೂರ್ತಿ ಕಾಣೋ ಐಪೀಸ್ ಬೇಕು. ಇದರಲ್ಲಿ ಅವ್ರಿಗೆ ಏನೂ ಕಾಣ್ಸಿರಲ್ಲ.”

ಸಂಜೆ ಫೋನಿನಲ್ಲಿ ಕೇಳಿದೆ. “ಆವತ್ತು ತಾರಸೀಲಿ ನಿಂಗೆ ಏನು ಕಾಣಿಸ್ತು?”

“ಯಾವತ್ತು?”

“ಶನಿ ತೋರಿಸ್ದೆನಲ್ಲ.”

“ಓ, ಅದಾ” ಎಂದಳು. ಆಮೇಲೆ ನಗು. “ನನ್ನ ರೆಪ್ಪೆ ಕಾಣಿಸ್ತು ರೀ.”

“ಮತ್ತೆ ಚೆನ್ನಾಗಿದೆ ಅಂದೆ?”

“ನಿಮ್ಮ ಮುಖ ನೋಡಿ ಅಂದೆ.”

ನವೆಂಬರ್ 25

ದಿನವಿಡೀ ಅದೇ ಮಾತು ತಲೆಯಲ್ಲಿ. ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯದ ಲಿಫ್ಟಿನ ಮುಂದೆ ಸುಮ್ಮನೆ ನಿಂತಿದ್ದೆನಂತೆ. ಗ್ರೀಸ್ ಬಂದು ಭುಜ ತಟ್ಟಿದ.

ಡಿಸೆಂಬರ್ 8, ಭಾನುವಾರ

ಅವಳ ಹಳೇ ಕನ್ನಡಕವೊಂದು ಖಾನೆಯಲ್ಲಿತ್ತು. ಹಾಕಿಕೊಂಡರೆ ನನಗೆ ತಲೆ ತಿರುಗಿ ಗೋಡೆಗಳೆಲ್ಲ ಬಾಗುತ್ತವೆ. ಹಾಗಾಗಿ ಗಾಜು ಎರಡನ್ನೂ ತೆಗೆದು ಬರೀ ಚೌಕಟ್ಟನ್ನು ಹಾಕಿಕೊಂಡೆ. ನನಗೆ ಬೇಕಿದ್ದದ್ದು ಅವಳ ಕಣ್ಣಿಗೂ ಐಪೀಸಿಗೂ ನಡುವೆ ಉಳಿಯುವ ದೂರ ಮಾತ್ರ. ಅಂಗಡಿಯಮ್ಮ ಮೂರು ಐಪೀಸು ಕೊಟ್ಟು ಕಳಿಸಿದ್ದರು. ಸಂಜೆ ಗ್ರೀಸ್‌ನನ್ನು ಕರೆದುಕೊಂಡು ಅದೇ ಹದಿನಾಲ್ಕು ಮಹಡಿಯ ತಾರಸಿಗೆ ಹೋಗಿ ಒಂದೊಂದಾಗಿ ಹಾಕಿ ನೋಡಿದೆ.

ಮೊದಲನೆಯದು ಚೆನ್ನಾಗಿಯೇ ಇತ್ತು, ಆದರೆ ಚೌಕಟ್ಟು ತಾಗಿತು. ಗೀರು ಬಿದ್ದರೆ ಅವಳು ಸುಮ್ಮನಿರುವವಳಲ್ಲ. ಎರಡನೆಯದರಲ್ಲಿ ತಲೆ ಕೂದಲೆಳೆಯಷ್ಟು ಅಲುಗಿದರೂ ಗೋಡಂಬಿಯಾಕಾರದ ಕರಿನೆರಳು ಬಂದು ಚಂದ್ರನನ್ನು ನುಂಗುತ್ತದೆ. ಅಭ್ಯಾಸವಾದರೆ ಸರಿಹೋಗುತ್ತದಂತೆ. ಅಭ್ಯಾಸ ಮಾಡಿಕೊಳ್ಳಲು ಅವಳಿಗೆ ಪುರುಸೊತ್ತೆಲ್ಲಿದೆ? ಮೂರನೆಯದು ಹದಿನೈದರದ್ದು. ಕಣ್ಣಿಡುವ ಗಾಜು ಹೆಬ್ಬೆರಳಿನಷ್ಟು ಅಗಲ. ಚೌಕಟ್ಟು ಹಾಕಿಕೊಂಡೇ ಆರಾಮವಾಗಿ ಬಗ್ಗಿದೆ. ಅರ್ಧಚಂದ್ರ ಇಡಿಯಾಗಿ ಕಂಡ; ಸುತ್ತ ಇನ್ನೂ ಅವನಂಥವನೇ ಇನ್ನೊಬ್ಬ ಹಿಡಿಸುವಷ್ಟು ಆಕಾಶ. ಶನಿಗೆ ತಿರುಗಿಸಿದೆ. ಚಿಕ್ಕವನು. ಉಂಗುರ ಈ ವರ್ಷ ನಮ್ಮ ಕಡೆ ಅಂಚನ್ನಷ್ಟೇ ಕೊಟ್ಟು ತಿರುಗಿದೆಯಂತೆ, ಅದಕ್ಕೇ ಮುತ್ತಿಗೆ ಸೂಜಿ ಚುಚ್ಚಿಟ್ಟ ಹಾಗೆ ಕಂಡ. ಆದರೆ ಅಲುಗದೆ ನಿಂತಿದ್ದ. ಕೆಳಗೆ ಲಿಫ್ಟು ಹೋದಾಗಲೂ ಒಮ್ಮೆ ಉಸಿರೆಳೆದು ಸುಮ್ಮನಾದ.

ಕಾವಲುಗಾರ ಬಾಗಿಲಲ್ಲಿ ನಿಂತು ನೋಡುತ್ತಿದ್ದ. “ಸಾರ್, ಕನ್ನಡಕಕ್ಕೆ ಗ್ಲಾಸೇ ಇಲ್ವಲ್ಲ” ಎಂದ. ಗ್ರೀಸ್ ನನಗಿಂತ ಮೊದಲೇ ಹೇಳಿದ: “ಅದು ಇವರದ್ದಲ್ಲಪ್ಪ, ಅತ್ತಿಗೇದು.” ಅವನಿಗೆ ಅದೇ ಪೂರ್ತಿ ವಿವರಣೆ. ಕಾವಲುಗಾರನೂ ಒಪ್ಪಿಕೊಂಡ ಹಾಗೆ ತಲೆಯಾಡಿಸಿ ಹೋದ.

ಡಿಸೆಂಬರ್ 19

ಹದಿನೈದರದ್ದನ್ನೇ ಕೊಂಡೆ. ಮುಚ್ಚಳ ಹಾಕಿ ಡಬ್ಬಿಯಲ್ಲಿಟ್ಟಿದ್ದೇನೆ.

ಅತ್ತೆ ಇವತ್ತು ಎಡಗೈ ಬೆರಳು ಅಲುಗಿಸಿದರಂತೆ. ಯಾವ ಬೆರಳು ಎಂದು ಕೇಳಿದೆ. ಉಂಗುರದ ಬೆರಳು. ವ್ಯಾಯಾಮ ಮಾಡಿಸುವವರು ವಾರಕ್ಕೊಮ್ಮೆ ಬರುತ್ತಾರೆ; ಉಳಿದ ದಿನ ಇವಳೇ ಮಾಡಿಸುತ್ತಾಳೆ. ಹಾಲಲ್ಲಿ ನೆನೆಸಿದ ಬ್ರೆಡ್ಡನ್ನು ಬಲಗೆನ್ನೆಯ ಕಡೆ ಇಟ್ಟರೆ ಮಾತ್ರ ನುಂಗಲು ಆಗುತ್ತದೆ, ಎಡಗಡೆ ಇಟ್ಟರೆ ಅಲ್ಲೇ ಉಳಿದುಬಿಡುತ್ತದೆ. ಅತ್ತೆಯ ಮಗ್ಗುಲು ಬದಲಿಸುವಾಗ ಇವಳ ಸೊಂಟ ಹಿಡಿದುಕೊಂಡಿದೆ. ಹೊರೆ ಎತ್ತುವಾಗ ಸೊಂಟದಿಂದ ಬಗ್ಗಬಾರದು, ಮೊಣಕಾಲು ಮಡಿಸಿ ಎತ್ತಬೇಕು; ಮೋಟಾರು ಎತ್ತುವಾಗ ನಾವು ಹಾಗೇ ಮಾಡುವುದು ಎಂದೆ. “ಅಮ್ಮ ಮೋಟಾರಾ?” ಎಂದು ಬೈದಳು. ಆಮೇಲೆ ಫೋನು ಪಕ್ಕಕ್ಕಿಟ್ಟು ಹಾಗೇ ಮಾಡಿ ನೋಡಿ, “ಹ್ಞೂಂ ರೀ, ಪರವಾಗಿಲ್ಲ” ಎಂದಳು. ತುಂಬ ಹೊತ್ತು ಮಾತಾಡಿದೆವು. ಟೆಲಿಸ್ಕೋಪಿನ ಸುದ್ದಿ ಬರಲೇ ಇಲ್ಲ.

ಡಿಸೆಂಬರ್ 29

ಹೊಲಿಗೆ ಮಿಷನ್ ಕಳಿಸಿಕೊಡಿ ಎಂದಳು.

ಜನವರಿ 2

ಫೋನು ಬಂತು. ಎತ್ತಲಿಲ್ಲ.

ಜನವರಿ 5, ಭಾನುವಾರ

ಇವತ್ತು ಎತ್ತಿದೆ. ಎತ್ತಬಾರದಿತ್ತು. ಇಲ್ಲ, ಎತ್ತಿದ್ದು ಒಳ್ಳೆಯದಾಯಿತು. ಗೊತ್ತಿಲ್ಲ.

“ಮಿಷನ್ ಕೇಳ್ದೆ ಅಂದ್ರೆ ಅಲ್ಲೇ ಇದ್ಬಿಡ್ತೀಯ ಅಂತ ಅರ್ಥ” ಎಂದೆ.

“ಅರ್ಥ ಗಿರ್ಥ ನಂಗೊತ್ತಿಲ್ಲ. ಅಮ್ಮ ನಿದ್ದೆ ಮಾಡಿದಾಗ ಕೈ ಖಾಲಿ ಇರತ್ತೆ. ಖಾಲಿ ಕೈ ಇಟ್ಕೊಂಡು ಗೋಡೆ ನೋಡ್ತಾ ಕೂತ್ರೆ ಹುಚ್ಚು ಹಿಡಿಯತ್ತೆ.”

“ಮೂರು ವಾರ ಅಂದಿದ್ದೆ.”

“ಹೌದು, ಅಂದಿದ್ದೆ. ನಾನೇನು ಇಲ್ಲಿ ಸುಖಕ್ಕೆ ಕೂತಿದ್ದೀನಾ? ಅಮ್ಮನ್ನ ಅಲ್ಲಿಗೇ ಕರ್ಕೊಂಡ್ ಬರೋಣ ಅಂದ್ರೆ ನಾಲ್ಕು ಮಹಡಿ. ಹೊತ್ಕೊಂಡ್ ಹತ್ತೋರು ಯಾರು? ಊರಿನವರನ್ನೆಲ್ಲ ಮೇಲೆ ಕೆಳಗೆ ಮಾಡ್ತೀರಿ, ನಮ್ಮನೆಗೆ ಒಂದು ಲಿಫ್ಟಿಲ್ಲ!”

ಅದನ್ನು ಹೇಳಿ ಅವಳೇ ಅಳತೊಡಗಿದಳು. ನನಗೆ ನಗು ಬಂತು, ಹಾಳು ನಗು, ಅಂಥ ಹೊತ್ತಿನಲ್ಲಿ. ಅವಳೂ ಅಳುತ್ತಲೇ ನಕ್ಕಳು. ಆ ಕಡೆ ಗೋಡೆಗಡಿಯಾರದ ಸದ್ದು ಕೇಳುತ್ತಿತ್ತು. ಅವಳ ಉಸಿರೂ ಕೇಳುತ್ತಿತ್ತು. ಫೋನಿಡಲು ಮನಸ್ಸಾಗದೆ ಹಾಗೇ ಹಿಡಿದುಕೊಂಡಿದ್ದೆ.

ಜನವರಿ 13

ಸೂಪರ್‌ವೈಸರ್ ಹತ್ತಿರ ಹೋಗಿ ಅತ್ತೆಯ ಊರಿಗೆ ವರ್ಗ ಕೇಳಿದೆ. ಯೋಚಿಸಿ ಕೇಳಿದ್ದಲ್ಲ. ಬಿಡಿಭಾಗಕ್ಕೆ ಸಹಿ ಹಾಕಿಸಲು ಹೋದವನ ಬಾಯಿಂದ ಬಂದುಬಿಟ್ಟಿತು.

“ಆ ಊರಲ್ಲಿ ಎಷ್ಟು ಲಿಫ್ಟ್ ಇವೆ ಗೊತ್ತಾ?”

“ನಾಲ್ಕೋ ಐದೋ ಸಾರ್.”

“ಅದ್ರಲ್ಲಿ ಎರಡು ವರ್ಷದಿಂದ ಕೆಟ್ಟು ಕೂತಿವೆ.”

“ಹಾಗಾದ್ರೆ ಕೆಲಸ ಇದೆ.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಇಲ್ಲಿ ಹಿರಿಯ ಮೆಕ್ಯಾನಿಕ್ ಆಗುವ ಸರದಿ ನಿನ್ನದು, ಅದು ತಪ್ಪುತ್ತದೆ ಎಂದರು. ತಪ್ಪಲಿ ಎಂದೆ. ಹೊರಗೆ ಬಂದಮೇಲೆ ನೋಡಿದರೆ ಬಿಡಿಭಾಗದ ಚೀಟಿಗೆ ಸಹಿ ಹಾಕಿಸುವುದೇ ಮರೆತಿತ್ತು.

ಅವಳಿಗೆ ಹೇಳಿಲ್ಲ. ಆರ್ಡರ್ ಕೈಗೆ ಬರಲಿ.

ಜನವರಿ 22

ವರ್ಗದ ಆರ್ಡರ್ ಬಂದಿದೆ; ಅವಳಿಗೆ ಎದುರಿಗೇ ಹೇಳುತ್ತೇನೆ. ಅಂಗಡಿಯಮ್ಮನಿಗೆ ಹೇಳಿಬರಲು ಹೋಗಿದ್ದೆ. ಮೊದಲ ದಿನ ಏನು ತೋರಿಸುತ್ತೀರಿ ಎಂದು ಕೇಳಿದರು. ಶನಿ ಎಂದೆ. ಅವನು ಈಗ ಪಡುವಣಕ್ಕೆ ಇಳಿದುಬಿಟ್ಟಿದ್ದಾನೆ, ಮನೆಗಳ ಸಂದಿಯಲ್ಲಿ ಸಿಗುವುದಿಲ್ಲ ಎಂದರು.

“ಮೊದಲು ಅವ್ರಿಗೆ ನಿದ್ದೆ ಮಾಡೋಕೆ ಬಿಡಿ. ಆಕಾಶ ಎಲ್ಲಿಗೂ ಹೋಗಲ್ಲ.”

ಗಾಜು ಒರೆಸಲು ಒಂದು ಮೆತ್ತನೆಯ ಬಟ್ಟೆ ಕೊಟ್ಟರು. ಅಂಗಿಯ ತುದಿಯಲ್ಲಿ ಒರೆಸಬೇಡಿ ಎಂದು ಎರಡೆರಡು ಸಲ ಹೇಳಿದರು. ನನ್ನ ಅಂಗಿಯನ್ನು ನೋಡಿ ಹೇಳಿದ್ದಿರಬೇಕು.

ಜನವರಿ 29

ಮಿಷನ್ನಿನ ತಲೆ ಬಿಚ್ಚಿ ಹೊದಿಕೆಯಲ್ಲಿ ಸುತ್ತಿದೆ. ಸ್ಟ್ಯಾಂಡು, ಪಾತ್ರೆ, ಮಂಚ ಲಾರಿಯಲ್ಲಿ ಬರುತ್ತವೆ. ಗ್ರೀಸ್ ಒಂದೊಂದೇ ಇಳಿಸಿ, ನಾಲ್ಕು ಮಹಡಿಯ ಮೆಟ್ಟಿಲಿಗೆ ಬೈದು, ಕೊನೆಗೆ ಖಾಲಿ ಕೋಣೆಯಲ್ಲಿ ನಿಂತು, “ಅಣ್ಣಾ, ನಾಳೆಯಿಂದ ಸ್ಪ್ಯಾನರ್ ಯಾರ ಹತ್ರ ಕೇಳ್ಲಿ?” ಎಂದ. ನಾನು ನನ್ನದನ್ನೇ ಕೊಟ್ಟುಬಿಟ್ಟೆ. ಮುಖ ಆ ಕಡೆ ತಿರುಗಿಸಿಕೊಂಡು ಇಸಿದುಕೊಂಡ.

ಫೆಬ್ರವರಿ 1

ನಿನ್ನೆ ಬಂದಿಳಿದೆ. ಬಸ್ಸಿನಲ್ಲಿ ಟೆಲಿಸ್ಕೋಪು ತೊಡೆಯ ಮೇಲೆ, ಮಿಷನ್ನಿನ ತಲೆ ಕಾಲ ಬಳಿ. ಪಕ್ಕದಲ್ಲಿ ಕೂತ ಅಜ್ಜಿ ಮಗುವನ್ನು ನೋಡುವ ಹಾಗೆ ಬಗ್ಗಿ ಡಬ್ಬಿಯನ್ನು ನೋಡಿದರು.

ಬಾಗಿಲು ಬರೀ ಮುಚ್ಚಿತ್ತು, ಅಗುಳಿ ಹಾಕಿರಲಿಲ್ಲ. ಒಳಗೆ ಅತ್ತೆಯ ಮಂಚದ ಪಕ್ಕ ಕುರ್ಚಿಯಲ್ಲಿ ಅವಳು ಕೂತಲ್ಲೇ ನಿದ್ದೆಹೋಗಿದ್ದಳು. ಮಡಿಲಲ್ಲಿ ತಟ್ಟೆ, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆ. ಫೋನಿನಲ್ಲಿ ಅದು ಕೇಳಿಸುವುದಿಲ್ಲವಲ್ಲ. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳಿಂದ ಎರಡು ಮಾರು ದೂರದಲ್ಲಿ ನಿಂತೂ, ಬಸ್ಸಿನಲ್ಲಿ ಕೂತಾಗಿನಷ್ಟೇ ಅವಳು ಬೇಕೆನಿಸುತ್ತಿತ್ತು.

ಅತ್ತೆ ಎಚ್ಚರವಿದ್ದರು. ನನ್ನನ್ನು ನೋಡಿ ಬಲಗೈ ಬೆರಳನ್ನು ತುಟಿಗಿಟ್ಟರು. ಎಬ್ಬಿಸಬೇಡ.

ಎಬ್ಬಿಸಲಿಲ್ಲ. ತಟ್ಟೆಯನ್ನು ಮೆಲ್ಲಗೆ ಎತ್ತಿಕೊಂಡೆ. ಉಳಿದಿದ್ದ ಬ್ರೆಡ್ಡನ್ನು ಅತ್ತೆಗೆ ಬಲಗೆನ್ನೆಯ ಕಡೆಯಿಂದ ತಿನ್ನಿಸಿದೆ. ಎದ್ದವಳು ನಾನು ಅಡುಗೆಮನೆಯಲ್ಲಿ ತಟ್ಟೆ ತೊಳೆಯುವುದನ್ನು ನೋಡಿ ಬಾಗಿಲಲ್ಲೇ ನಿಂತಳು.

“ಎಷ್ಟು ದಿನ ರಜ?” ಎಂದಳು.

“ರಜ ಅಲ್ಲ.”

ಒರೆಸುವ ಬಟ್ಟೆ ತಂದು ನನ್ನ ಪಕ್ಕ ನಿಂತು, ಒಂದೇ ತಟ್ಟೆಯನ್ನು ತುಂಬ ಹೊತ್ತು ಒರೆಸಿದಳು.

ಫೆಬ್ರವರಿ 4

ಟೆಲಿಸ್ಕೋಪನ್ನು ಮಂಚದ ಕೆಳಗಿಂದ ತೆಗೆದದ್ದು ನಾನಲ್ಲ, ಅವಳು. ಇವತ್ತು ಹಗಲೆಲ್ಲ ಆಸ್ಪತ್ರೆಯ ಲಿಫ್ಟಿನ ಕೆಳಗಿನ ಹಳ್ಳದಲ್ಲಿ ಇಳಿದು ಕೆಸರಾಗಿ ಬಂದಿದ್ದೆ. ಅತ್ತೆಯ ಊಟವಾಗಿತ್ತು. “ಚಂದ್ರ ಬಂದಿದೆ. ತೋರ್ಸಲ್ವಾ?” ಎಂದಳು.

ಅಂಗಳದಲ್ಲಿ ಸ್ಟೂಲಿನ ಮೇಲಿಟ್ಟೆ. ಹದಿನೈದರದ್ದು ಹಾಕಿ, ಚಂದ್ರನನ್ನು ನಡುವೆ ತಂದು, ಪಕ್ಕಕ್ಕೆ ಸರಿದೆ.

“ಕನ್ನಡಕ ತೆಗೀಲಾ?”

“ತೆಗೀಬೇಡ. ಹಾಗೇ ನೋಡು.”

ಬಗ್ಗಿದಳು. ಎರಡು ಕೈಯನ್ನೂ ಮೊಣಕಾಲ ಮೇಲೆ ಊರಿಕೊಂಡಳು. ನಾನು ಅವಳ ಮುಖ ನೋಡುತ್ತ ನಿಂತೆ. ಕನ್ನಡಕದ ಗಾಜಿನ ಮೇಲೆ ಕಾಸಿನಗಲದ ಬೆಳಕು ಬಿದ್ದಿತ್ತು. ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತು. ಮಾತಿಲ್ಲ. ಕಾಣುತ್ತಿಲ್ಲವೇನೋ ಎಂದು ಒಂದು ಹೆಜ್ಜೆ ಹತ್ತಿರ ಹೋದೆ.

“ಅಂಚು ಎಳೆ ಎಳೆಯಾಗಿ ಬಿಟ್ಕೊಂಡಿದೆಯಲ್ರೀ” ಎಂದಳು, ಕಣ್ಣು ತೆಗೆಯದೆ. “ಈ ಕಡೆ ನುಣ್ಣಗಿದೆ. ಕತ್ತಲೆ ಕಡೆ ಮಾತ್ರ ಯಾರೂ ಮಡಿಚಿ ಹೊಲಿದೇ ಇಲ್ಲ. ಒಂದ್ ಚುಕ್ಕಿ ಆ ಕತ್ತಲೊಳಗೂ ಹೊಳೀತಾ ಇದೆ. ಅದೇನು?”

“ಬೆಟ್ಟದ ತುದಿ. ಅಲ್ಲಿ ಈಗ ಬೆಳಗಾಗ್ತಿದೆ.”

“ಬೆಟ್ಟ!” ಎಂದಳು. ಆಮೇಲೆ, “ಅಯ್ಯೋ, ಹೋಗ್ತಿದೆ! ಹೋಗ್ತಿದೆ ರೀ!”

“ಹೋಗ್ತಾನೇ ಇರತ್ತೆ. ಮೆಲ್ಲಗೆ ತಳ್ಳು, ಅದರ ಹಿಂದೇನೇ ಹೋಗು.”

ಮೊದಲು ಉಲ್ಟಾ ತಳ್ಳಿ ಕಳೆದುಕೊಂಡಳು. ನಾನು ಕೈ ಹಾಕಲು ಹೋದರೆ ಮೊಣಕೈಯಿಂದ ದೂಡಿದಳು. ತಾನೇ ಹುಡುಕಿ ತಂದಳು. ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುವ ಹಾಗೆ, ಬೆರಳ ತುದಿಯಲ್ಲಿ, ಒಂದಿಷ್ಟಿಷ್ಟೇ.

ಒಳಗಿಂದ ಅತ್ತೆ ಲೋಟಕ್ಕೆ ಚಮಚ ಬಡಿದರು. ಇವಳು ತಲೆಯೆತ್ತಿದಳು.

“ನಾನು ಹೋಗ್ತೀನಿ. ನೀನು ನೋಡು” ಎಂದೆ.

ಅತ್ತೆಗೆ ನೀರು ಬೇಕಾಗಿತ್ತು. ದಿಂಬು ಎತ್ತರಿಸಿ ಕೂರಿಸಿದೆ. ಕಿಟಕಿಯ ಕಡೆ ಕಣ್ಣು ಹಾಯಿಸಿ, ಒಂದೊಂದೇ ಅಕ್ಷರ ಎತ್ತಿಡುತ್ತ, “ಅಳಿಯಂದ್ರೇ... ಏನ್... ಕಾಣ್ತದೆ?” ಎಂದರು.

“ನಾನಿನ್ನೂ ನೋಡಿಲ್ಲ ಅತ್ತೆ. ನಿಮ್ಮ ಮಗಳು ಬಿಡ್ತಿಲ್ಲ.”

ಅವರ ಬಾಯಿಯ ಬಲಗಡೆ ನಕ್ಕಿತು. ಹೊರಗಿಂದ “ರೀ, ಇನ್ನೊಂದ್ ಸ್ವಲ್ಪ ಹೊತ್ತು!” ಎಂದು ಕೂಗು ಬಂತು. ನಾನು ಲೋಟವನ್ನು ಅತ್ತೆಯ ತುಟಿಗೆ ಹಿಡಿದು, ಪ್ರತಿ ಗುಟುಕೂ ಇಳಿಯುವವರೆಗೆ ಕಾದು, ಮತ್ತೊಂದು ಕೊಟ್ಟೆ.